ಹಳೆ ಆಸಿಲೋಸ್ಕೋಪ್ ಮನೆಗೆ ಬಂತಾ? ಪ್ಲಗ್ ಹಾಕುವ ಮೊದಲು ಇಷ್ಟು ಮಾಡಿ

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆ ಈಗ ಎಲೆಕ್ಟ್ರಾನಿಕ್ಸ್ ಹುಚ್ಚಿನ ಹುಡುಗರು ಗುಜರಿಯಿಂದ, ಕಾಲೇಜು ಲ್ಯಾಬ್ ಹರಾಜಿನಿಂದ ಹಳೆ ಆಸಿಲೋಸ್ಕೋಪ್, ಅಂದ್ರೆ ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಯಂತ್ರ, ತರ್ತಾರೆ, ತಂದ ಕೂಡ್ಲೇ ಮಾಡೋದು ಒಂದೇ ಕೆಲಸ, ಪ್ಲಗ್ ಹಾಕಿ ಸ್ವಿಚ್ ಒತ್ತೋದು. ನಾಲ್ಕು ಮಳೆಗಾಲ ಮೂಲೆಯಲ್ಲಿ ಕೂತ ಸ್ಕೋಪಿಗೆ ಒಮ್ಮೆಲೇ ಕರೆಂಟ್ ಕೊಟ್ರೆ ಸಣ್ಣ ರಿಪೇರಿಯಲ್ಲಿ ಮುಗೀಬೇಕಾದದ್ದು ಟ್ರಾನ್ಸ್‌ಫಾರ್ಮರ್ ತನಕ ಹೋಗ್ತದೆ, ನೋಡಿ ನೋಡಿ ಬೇಜಾರಾಗಿಯೇ ಬರೀತಿದ್ದೇನೆ.

ಮೊದಲು ಹಿಂದುಗಡೆ ವೋಲ್ಟೇಜ್ ಸೆಲೆಕ್ಟರ್, ಅಂದ್ರೆ ಎಷ್ಟು ವೋಲ್ಟಿನ ಕರೆಂಟಿಗೆ ಅಂತ ಆರಿಸುವ ಸ್ವಿಚ್, ನೋಡಿ. ಅಮೆರಿಕದಿಂದ ಬಂದ ಸ್ಕೋಪ್ 115ರಲ್ಲಿ ಇರ್ತದೆ, ನಮ್ಮದು 230. ಫ್ಯೂಸ್ ರೇಟಿಂಗ್ ಕೂಡ ಅದಕ್ಕೆ ಸರಿಯಾಗಿ ಬದಲಾಯಿಸಿ.

ಕವರ್ ತೆಗೀರಿ, ಬ್ರಶ್‌ನಲ್ಲಿ ಧೂಳು ತೆಗೀರಿ. ಪರದೆಯ ಟ್ಯೂಬ್ ಹತ್ರದ ದಪ್ಪ ಕೆಂಪು ವಯರಿಗೆ ಕೈ ಹಾಕ್ಬೇಡಿ, ಟೆಕ್ಟ್ರಾನಿಕ್ಸ್ ಕಂಪನಿಯ 465 ಮಾಡೆಲಿನಂಥದ್ರಲ್ಲಿ ಅಲ್ಲಿ 15,000 ವೋಲ್ಟ್‌ಗೂ ಮೇಲೆ ಉಂಟು, ಆಫ್ ಮಾಡಿದ್ಮೇಲೂ ನಿಲ್ತದೆ.

ಇನ್ನು ಎಲ್ಲರೂ ಎಡವುವ ಜಾಗ, ಪವರ್ ಸಪ್ಲೈ, ಅಂದ್ರೆ ಒಳಗಿನ ಭಾಗಗಳಿಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಭಾಗ. ಯೂಟ್ಯೂಬ್ ನೋಡಿ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಎಲ್ಲ ಒಟ್ಟಿಗೆ ಕಿತ್ತು ಹೊಸತು ಹಾಕ್ತಾರಲ್ಲ, ಅದು ನಂಗೆ ಸುತಾರಾಂ ಇಷ್ಟ ಇಲ್ಲ. ಹಳೆ ಬೋರ್ಡಿನ ತಾಮ್ರದ ಗೆರೆ ಬಿಸಿಗೆ ಎದ್ದು ಬರ್ತದೆ, ಇದ್ದ ಒಂದು ದೋಷದ ಜೊತೆ ನಾವೇ ಮಾಡಿದ ನಾಲ್ಕು ಸೇರ್ತದೆ. ಅಳೆದು ಹಾಳಾದದ್ದನ್ನು ಮಾತ್ರ ತೆಗೀರಿ.

ಅಳೆಯೋದು ಹೀಗೆ. ಪ್ಲಗ್ ತೆಗೆದಿಟ್ಟು, ದೊಡ್ಡ ಕೆಪಾಸಿಟರ್ ಡಿಸ್ಚಾರ್ಜ್ ಆಗಿದೆಯಾ ಅಂತ ನೋಡಿಕೊಂಡು, ಪ್ರತಿ ಸಪ್ಲೈ ಲೈನಿಗೂ ಗ್ರೌಂಡಿಗೂ ನಡುವೆ ಮಲ್ಟಿಮೀಟರ್‌ನಲ್ಲಿ ಓಮ್ಸ್ ನೋಡಿ. 465ರಲ್ಲಿ ಲೈನುಗಳು ಮೈನಸ್ 8, ಪ್ಲಸ್ 5, 15, 55, 110. ಯಾವುದಾದ್ರೂ ಒಂದೆರಡು ಓಮ್‌ಗಿಂತ ಕೆಳಗೆ ಬಂದ್ರೆ ಅಲ್ಲಿ ಎಂತದೋ ಶಾರ್ಟ್, ಹೆಚ್ಚಿನ ಸಲ ಮುತ್ತಿನ ಆಕಾರದ ಸಣ್ಣ ಟಾಂಟಲಮ್ ಕೆಪಾಸಿಟರ್. ಆದ್ರೆ ಒಂದೇ ಲೈನಲ್ಲಿ ಅಂಥದ್ದು ತುಂಬ ಇರ್ತದೆ, ಯಾವುದು ಹೋದದ್ದು ಅಂತ ಕಣ್ಣಿಗೆ ಕಾಣೋದಿಲ್ಲ, ಅದಕ್ಕೇ ಜನ ಸಾಲಾಗಿ ಕೀಳೋಕೆ ಶುರು ಮಾಡೋದು. ಕೀಳ್ಬೇಡಿ. ಬೆಂಚ್ ಸಪ್ಲೈಯನ್ನು, ಅಂದ್ರೆ ವೋಲ್ಟೇಜೂ ಕರೆಂಟೂ ಬೇಕಾದಷ್ಟಕ್ಕೆ ಇಡಬಹುದಾದ ಮೇಜಿನ ಸಪ್ಲೈಯನ್ನು, 1 ವೋಲ್ಟ್‌ಗೆ ಇಟ್ಟು, ಕರೆಂಟ್ ಲಿಮಿಟ್ ಅರ್ಧ ಆಂಪಿಯರ್ ಮಾಡಿ, ಪ್ಲಸ್ ಮೈನಸ್ ಉಲ್ಟಾ ಆಗದ ಹಾಗೆ ಆ ಲೈನಿಗೆ ಕೊಡಿ. ಆಮೇಲೆ ಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ ಒಂದೊಂದು ಕೆಪಾಸಿಟರ್ ಕಾಲುಗಳ ನಡುವೆ ಮುಟ್ಟಿಸ್ತಾ ಹೋಗಿ. ಶಾರ್ಟ್ ಹತ್ರ ಹೋದ ಹಾಗೆ ಮಿಲಿವೋಲ್ಟ್ ಇಳಿತಾ ಬರ್ತದೆ, ಎಲ್ಲಕ್ಕಿಂತ ಕಡಿಮೆ ತೋರಿಸಿದ್ದೇ ಕಳ್ಳ. ಅದರ ಒಂದು ಕಾಲು ಎತ್ತಿ ಲೈನ್ ಮತ್ತೆ ಅಳೆಯಿರಿ, ಓಮ್ಸ್ ಏರಿದ್ರೆ ಅದೇ ಅಂತ ಖಾತ್ರಿ.

ಹೊಸತು ಹಾಕುವಾಗ ಹಳೆಯದರ ಎರಡು ಪಟ್ಟು ವೋಲ್ಟೇಜಿಂದು ಹಾಕಿ. ಮತ್ತೆ ಇದು ಬಹಳ ಮುಖ್ಯ, ಟಾಂಟಲಮ್ ಮೇಲಿನ ಗೆರೆ ಪ್ಲಸ್ ಕಡೆ, ಎಲೆಕ್ಟ್ರೊಲಿಟಿಕ್ ಅನ್ನುವ ಇನ್ನೊಂದು ಜಾತಿಯ ಕೆಪಾಸಿಟರ್ ಮೇಲಿನ ಗೆರೆ ಮೈನಸ್ ಕಡೆ. ಒಂದರ ಜಾಗಕ್ಕೆ ಇನ್ನೊಂದು ಹಾಕುವವರು ಇಲ್ಲೇ ತಪ್ಪೋದು, ಉಲ್ಟಾ ಹಾಕಿದ್ದು ಸಿಡೀತದೆ. ಆನ್‌ಲೈನಲ್ಲಿ ನೂರು ರೂಪಾಯಿಗೆ ನೂರೈವತ್ತು ಪೀಸ್ ಅಂತ ಬರುವ ಅಗ್ಗದ ಕೆಪಾಸಿಟರ್ ಕಿಟ್ ಈ ಕೆಲಸಕ್ಕೆ ಬೇಡವೇ ಬೇಡ.

ಈಗ ಕರೆಂಟ್ ಕೊಡ್ಬಹುದು, ಆದ್ರೆ 100 ವ್ಯಾಟ್‌ನ ಹಳೆ ಫಿಲಮೆಂಟ್ ಬಲ್ಬ್ ಸೀರೀಸಲ್ಲಿ, ಅಂದ್ರೆ ಕರೆಂಟ್ ಬಲ್ಬ್ ಮೂಲಕವೇ ಸ್ಕೋಪಿಗೆ ಹೋಗುವ ಹಾಗೆ, ಹಾಕಿ, ಎಲ್‌ಇಡಿ ಆಗೋದಿಲ್ಲ. ಬಲ್ಬ್ ಜೋರಾಗಿ ಹೊತ್ತಿ ಮಂಕಾದ್ರೆ ಒಳ್ಳೇದು, ಹೊತ್ತಿಕೊಂಡೇ ನಿಂತ್ರೆ ಇನ್ನೂ ಶಾರ್ಟ್ ಉಂಟು. ಬಲ್ಬ್ ಇರುವಾಗ ಲೈನ್ ವೋಲ್ಟೇಜ್ ಕಡಿಮೆಯೇ ಬರ್ತದೆ, ಅದನ್ನು ನೋಡಿ ದೋಷ ಅಂತ ತಿಳ್ಕೋಬೇಡಿ, ಬಲ್ಬ್ ತೆಗೆದ ಮೇಲೆ ಅಳೆಯಿರಿ. 465ರಲ್ಲಿ ಮೊದಲು 55 ವೋಲ್ಟ್ ನೋಡಿ, ಅಲ್ಲಿಯ ಟ್ರಿಮ್ಮರ್ (ವೋಲ್ಟೇಜ್ ಹೊಂದಿಸುವ ಸಣ್ಣ ತಿರುಪು) ಸುಮ್ಮನೆ ತಿರುಗಿಸ್ಬೇಡಿ, ಕ್ಯಾಲಿಬ್ರೇಶನ್, ಅಂದ್ರೆ ಅಳತೆಯ ನಿಖರತೆ, ಹಾಳಾಗ್ತದೆ. ರಿಪಲ್, ಅಂದ್ರೆ ಆ ವೋಲ್ಟೇಜಲ್ಲಿ ಉಳಿದ ಏರಿಳಿತ, ನೋಡುವಾಗ ಇನ್ನೊಂದು ಸ್ಕೋಪಲ್ಲಿ 100 ಹರ್ಟ್ಸ್ ಅಲೆ ದಪ್ಪಗೆ ಕಂಡ್ರೆ ದೊಡ್ಡ ಫಿಲ್ಟರ್ ಕೆಪಾಸಿಟರ್ ಸೋತಿದೆ ಅಂತ.

ಅರ್ತ್ ಪಿನ್ ಕತ್ತರಿಸುವ ಶಾರ್ಟ್‌ಕಟ್ ಯಾರು ಹೇಳಿದ್ರೂ ಕೇಳ್ಬೇಡಿ. ಪ್ರೋಬಿನ (ಅಳೆಯಲು ಸಿಕ್ಕಿಸುವ ವಯರಿನ) ಗ್ರೌಂಡ್ ಕ್ಲಿಪ್ಪೂ ಸ್ಕೋಪಿನ ಲೋಹದ ಮೈಯೂ ಒಂದೇ, ಅರ್ತ್ ಇಲ್ಲದೆ ಆ ಕ್ಲಿಪ್ಪನ್ನು ಮೇನ್ಸ್ ಸರ್ಕ್ಯೂಟಿಗೆ ಮುಟ್ಟಿಸಿದ್ರೆ ಇಡೀ ಮೈಗೆ 230 ಬರ್ತದೆ, ಜೀವ ಹೋಗ್ತದೆ.

ನಾಬ್ ತಿರುಗಿಸುವಾಗ ಗೆರೆ ಕುಣಿದ್ರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಕೊಳೆ. ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳು ಹಿಡಿದು ಇನ್ನೂ ಕೆಡಿಸ್ತದೆ. ಒಳ್ಳೆ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆ ಮಾಡಿದ ಗಟ್ಟಿ ಕಾಗದದ ಪಟ್ಟಿ ಕಾಂಟ್ಯಾಕ್ಟ್ ನಡುವೆ ಇಟ್ಟು ಮೆಲ್ಲ ಎಳೀರಿ, ಪಟ್ಟಿ ಕಪ್ಪಾಗೋದು ನಿಲ್ಲುವ ತನಕ.

ಆಮೇಲೆ ಪ್ರೋಬ್ ಅನ್ನು ಸ್ಕೋಪಿನ ಮುಂಭಾಗದ ಕ್ಯಾಲಿಬ್ರೇಟರ್‌ಗೆ, ಅಂದ್ರೆ ಪರೀಕ್ಷೆಗೆ ಚೌಕ ಅಲೆ ಕೊಡುವ ಪಿನ್ನಿಗೆ, ಹಾಕಿ, ಚೌಕ ಅಲೆಯ ಮೂಲೆ ಸಪಾಟಾಗುವ ತನಕ ಪ್ರೋಬಿನ ಸ್ಕ್ರೂ ತಿರುಗಿಸಿ. ಬ್ರೈಟ್‌ನೆಸ್ ಕಡಿಮೆ ಇಡಿ, ಚುಕ್ಕೆ ಒಂದೇ ಕಡೆ ನಿಂತ್ರೆ ಪರದೆ ಸುಟ್ಟು ಕಲೆಯಾಗ್ತದೆ, ಅದಕ್ಕೆ ರಿಪೇರಿ ಇಲ್ಲ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವವೇ ದೊಡ್ಡ ಶತ್ರು. ಜೂನ್‌ನಿಂದ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಯೇ ಒಣಗಿಸ್ತದೆ, ತುಲಾ ಮಳೆಯ (ಅಕ್ಟೋಬರ್, ನವೆಂಬರ್ ಹೊತ್ತಿನ ಮಳೆಯ) ಸಿಡಿಲು ಶುರುವಾದ್ರೆ ಪ್ಲಗ್ಗೇ ಎಳೆದಿಡಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು.