ಕುದುರೆ ಮೆಂತೆ, ಅಲಸಂದಿ ರಸಮೇವಿಗೆ ನಾವು ಏನು ಬೆರೆಸುತ್ತೇವೆ, ಏನು ಬೆರೆಸುವುದಿಲ್ಲ

ಬೆಲ್ಲ, ಉಪ್ಪು, ಯೂರಿಯಾ. ಮೆಕ್ಕೆಜೋಳದ ರಸಮೇವಿನ ಈ ಪಟ್ಟಿ ಕೊಪ್ಪಳ, ರಾಯಚೂರು ಕಡೆ ಹೈನು ಮಾಡುವವರಿಗೆಲ್ಲ ಬಾಯಿಪಾಠ. ರಸಮೇವು (ಸೈಲೇಜ್) ಅಂದರೆ ಹಸಿ ಮೇವನ್ನು ಗುಂಡಿಯಲ್ಲೋ ಬ್ಯಾರಲ್ಲಿನಲ್ಲೋ ಚೀಲದಲ್ಲೋ ಗಾಳಿಯಾಡದಂತೆ ಒತ್ತಿ ತುಂಬಿ, ಹುಳಿ ಬರಿಸಿ ಕಾದಿಡುವುದು. ಅದೇ ಪಟ್ಟಿಯನ್ನು ಕುದುರೆ ಮೆಂತೆಗೋ (ಲೂಸರ್ನ್) ಅಲಸಂದಿಗೋ ಹಚ್ಚಿದರೆ ಮೇವು ಕೆಡುತ್ತದೆ. ಕೆಡಿಸುವುದು ಯೂರಿಯಾ. ಮೆಕ್ಕೆಜೋಳದಲ್ಲಿ ಸಕ್ಕರೆ ಹೆಚ್ಚು, ಪ್ರೋಟೀನ್ ಕಡಿಮೆ, ಹಾಗಾಗಿ ಅಲ್ಲಿ ಯೂರಿಯಾಕ್ಕೆ ಕೆಲಸ ಇದೆ. ಕುದುರೆ ಮೆಂತೆಯಲ್ಲಿ ಒಣತೂಕದ ಲೆಕ್ಕಕ್ಕೆ ಶೇ 18–20ರಷ್ಟು ಪ್ರೋಟೀನ್ ಮೊದಲೇ ಇದೆ. ಕೊರತೆ ಇರುವುದು ಸಕ್ಕರೆಯದು. ಸಾಲದ್ದಕ್ಕೆ ಅದರ ಕ್ಯಾಲ್ಸಿಯಂ ಮತ್ತು ಪ್ರೋಟೀನು ಹುಟ್ಟಿದ ಹುಳಿಯನ್ನು ಹುಟ್ಟಿದಲ್ಲೇ ಮುರಿಯುತ್ತವೆ. ಮೇಲೆ ಯೂರಿಯಾ ಬಿದ್ದರೆ ಅದು ಅಮೋನಿಯಾ ಆಗಿ ಉಳಿದ ಹುಳಿಯನ್ನೂ ಸಾಯಿಸುತ್ತದೆ. ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 5ರ ಕೆಳಗೆ ಇಳಿಯದೆ ನಿಂತರೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಏಳುತ್ತವೆ, ಪ್ರೋಟೀನ್ ಕೊಳೆಯುತ್ತದೆ, ಇದ್ದ ಸಕ್ಕರೆ, ಲ್ಯಾಕ್ಟಿಕ್ ಹುಳಿ ಬ್ಯುಟಿರಿಕ್ ಆಮ್ಲ ಆಗುತ್ತವೆ. ಆ ವಾಸನೆ ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈ ಬಿಡುವುದಿಲ್ಲ. ಸುಣ್ಣದ ಪುಡಿಯೂ ಇದೇ ಕಾರಣಕ್ಕೆ ಬೇಡ.

ಹಾಗಂತ ಏನೋ ಒಂದನ್ನು ಬೆರೆಸಿದರೆ ಆಯಿತು ಎಂದೂ ಅಲ್ಲ. ಬೆಲ್ಲಕ್ಕೂ ಕಲ್ಚರಿಗೂ (ಹುಳಿ ಬರಿಸುವ ಬ್ಯಾಕ್ಟೀರಿಯಾದ ಪುಡಿ) ಮೊದಲು ಬರುವುದು ಬಾಡಿಸುವುದು. ಹೂ ಆಗತಾನೇ ಶುರುವಾದ ಕುದುರೆ ಮೆಂತೆಯಲ್ಲಿ ಸುಮಾರು ಶೇ 80 ನೀರು. ಅದನ್ನು ಶೇ 65ಕ್ಕೆ ಇಳಿಸಬೇಕು. ಇದಕ್ಕೆ ಗಡಿಯಾರ ನಂಬುವುದಕ್ಕಿಂತ ತಕ್ಕಡಿ ನಂಬುವುದು ಒಳ್ಳೆಯದು: ಕೊಯ್ದ ಕೂಡಲೇ 10 ಕೆಜಿ ತೂಗಿ ಒಂದು ಗೋಣಿಚೀಲದ ಮೇಲೆ ಬೇರೆಯಾಗಿ, ಉಳಿದದ್ದರಷ್ಟೇ ತೆಳ್ಳಗೆ ಹರಡಿ. ಅದು 5.7 ಕೆಜಿಗೆ ಬಂದಾಗ ಉಳಿದದ್ದೂ ತಯಾರು. ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ 8ಕ್ಕೆ ಕೊಯ್ದದ್ದು ಮಧ್ಯಾಹ್ನದೊಳಗೇ ಅಲ್ಲಿಗೆ ಬರುವುದುಂಟು. ಅತಿಯಾಗಿ ಒಣಗಲು ಬಿಟ್ಟರೆ ಎಲೆ ಉದುರಿ ಕಡ್ಡಿ ಉಳಿಯುತ್ತದೆ. ಪ್ರೋಟೀನ್ ಇರುವುದೇ ಎಲೆಯಲ್ಲಿ.

ಹರಡುವುದು ತಾಡಪತ್ರಿ ಮೇಲೆ, ನೆಲದ ಮೇಲಲ್ಲ. ಕೊಯ್ಯುವಾಗಲೂ ನೆಲದಿಂದ ನಾಲ್ಕು ಬೆರಳು ಬಿಟ್ಟೇ ಕೊಯ್ಯುವುದು. ಕ್ಲಾಸ್ಟ್ರಿಡಿಯಂ ಬೀಜಕಣಗಳು ಮೇವಿಗೆ ಬರುವುದು ಮಣ್ಣಿನಿಂದ, ಮತ್ತು ನಮ್ಮ ಎರೆ ಮಣ್ಣು ಒಮ್ಮೆ ಅಂಟಿತೆಂದರೆ ಬಿಡುವ ಜಾತಿಯದಲ್ಲ. ಗುಂಡಿ ತುಳಿಯಲು ಟ್ರ್ಯಾಕ್ಟರ್ ಇಳಿಸುವವರು ಮೊದಲು ಗಾಲಿ ತೊಳೆಯಬೇಕು.

ಇನ್ನು ಬೆಲ್ಲ. ಬಾಡಿಸಿದ ಒಂದು ಟನ್ ಕುದುರೆ ಮೆಂತೆಗೆ 25–30 ಕೆಜಿ, ಅಷ್ಟೇ ಲೀಟರ್ ನೀರಿನಲ್ಲಿ ಕರಗಿಸಿ. ತಿನ್ನುವ ಬೆಲ್ಲವೇ ಆಗಬೇಕಿಲ್ಲ, ಕಪ್ಪು ಬೆಲ್ಲ ಸಾಕು, ಆದರೆ ಬೂಸ್ಟು ಹಿಡಿದದ್ದು ಬೇಡ. ಕಾಕಂಬಿ ಸಿಕ್ಕರೆ 40 ಕೆಜಿ. ಅದರಲ್ಲಿ ಸಕ್ಕರೆ ಹೆಚ್ಚುಕಡಿಮೆ ಅರ್ಧ. ನೀರು ಇದಕ್ಕಿಂತ ಹೆಚ್ಚಿದರೆ ಬಾಡಿಸಿದ್ದು ವ್ಯರ್ಥ. ಕತ್ತರಿಸಿದ ಮೇವು ಒಂದೂವರೆಯಿಂದ ಎರಡು ಸೆಂಟಿಮೀಟರ್ ಇರಲಿ. ಒಂದು ಗೇಣಿಗಿಂತ ದಪ್ಪ ಪದರ ಬೇಡ. ಪ್ರತಿ ಪದರಕ್ಕೂ ಝಾರಿಯಿಂದ ಬೆಲ್ಲದ ನೀರು, ಆಮೇಲೆ ತುಳಿತ. ಅವಸರಕ್ಕೆ ಇಡೀ ಬೆಲ್ಲವನ್ನು ಕೊನೆಗೆ ಮೇಲಿಂದ ಸುರಿದರೆ ಮೇಲಿನ ಮೊಳ ಹೆಂಡದ ವಾಸನೆ ಬರುತ್ತದೆ, ತಳ ಕೊಳೆಯುತ್ತದೆ. ಬೆಲ್ಲ ಅತಿಯಾದರೂ ಕೇಡೇ: ಖರ್ಚಾಗದೆ ಉಳಿದ ಸಕ್ಕರೆ ಗುಂಡಿ ತೆಗೆದ ದಿನ ಯೀಸ್ಟಿನ ಪಾಲಾಗಿ ಮೇವು ಬಿಸಿಯೇರುತ್ತದೆ.

ಲ್ಯಾಕ್ಟಿಕ್ ಕಲ್ಚರ್ ಕೊಳ್ಳುವಾಗ ಪ್ಯಾಕೆಟ್ಟಿನ ಚಿತ್ರ ಬಿಟ್ಟು ಸಂಖ್ಯೆ ನೋಡಿ. ಒಂದು ಗ್ರಾಂ ಮೇವಿಗೆ ಕನಿಷ್ಠ 1 ಲಕ್ಷ ಜೀವಂತ ಬ್ಯಾಕ್ಟೀರಿಯಾ ಬೇಕು, ಅಂದರೆ ಟನ್ನಿಗೆ 10 ಸಾವಿರ ಕೋಟಿ. ಗ್ರಾಮಿಗೆ 1000 ಕೋಟಿ ಎಂದಿದ್ದರೆ ಟನ್ನಿಗೆ 10 ಗ್ರಾಂ ಸಾಕು. ಗ್ರಾಮಿಗೆ 10 ಕೋಟಿ ಎಂದಿದ್ದರೆ ಒಂದು ಕೆಜಿ ಹಾಕಬೇಕಾಗುತ್ತದೆ. ದ್ವಿದಳಕ್ಕೆ ಬೇಗ ಹುಳಿ ಏರಿಸುವ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಇರುವ ಕಲ್ಚರ್ ಬೇಕು. ಬುಕ್ನೆರಿ ಎಂಬ ಜಾತಿ ನಿಧಾನ, ಅದರ ಕೆಲಸ ಕಾಣಲು 45–60 ದಿನ ಹಿಡಿಯುತ್ತದೆ. ಆದರೆ ತೆಗೆದ ಮೇಲೆ ಮೇವು ಬಿಸಿಯಾಗದಂತೆ ತಡೆಯುತ್ತದೆ. ಎರಡೂ ಸೇರಿದ ಪ್ಯಾಕೆಟ್ ನಮ್ಮ ಬೇಸಿಗೆಗೆ ಒಳ್ಳೆಯದು.

ಕಲ್ಚರ್ ಹಾಕಿಯೂ ಫಲ ಕಾಣದವರು ಹೆಚ್ಚಾಗಿ ಎಡವುವುದು ನೀರಿನಲ್ಲಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಕೈ ಸುಡುತ್ತದೆ. ಅದರಲ್ಲಿ ಪುಡಿ ಕಲಸಿದರೆ ಅರ್ಧ ಅಲ್ಲೇ ಸಾಯುತ್ತದೆ. ನಳದ ನೀರಿನ ಕ್ಲೋರಿನ್ ಉಳಿದರ್ಧ ಮುಗಿಸುತ್ತದೆ. ಹಿಂದಿನ ರಾತ್ರಿ ಅಗಲಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು, ಬೆಳಿಗ್ಗೆ ಮಡಕೆಗೆ ತುಂಬಿದ ನೀರು ನಾವು ಬಳಸುವುದು. ಬೆಲ್ಲದ ನೀರಿಗೆ ಕಲ್ಚರ್ ಕಲಸುವುದಿಲ್ಲ. ಬೆಲ್ಲ ಝಾರಿಯಲ್ಲಿ, ಕಲ್ಚರ್ ಸ್ಪ್ರೇಯರಿನಲ್ಲಿ. ಕಳೆನಾಶಕ ಹೊಡೆದ ಸ್ಪ್ರೇಯರ್ ಎಷ್ಟು ತೊಳೆದರೂ ಇದಕ್ಕೆ ಬೇಡ. ಕಲಸಿದ್ದನ್ನು ಅದೇ ದಿನ ಮುಗಿಸಿ. ಸಕ್ಕರೆ ಇಲ್ಲದ ಅಲಸಂದಿಗೆ ಬರೀ ಕಲ್ಚರ್ ಹೊಡೆಯುವುದೂ ಉಪಯೋಗಕ್ಕೆ ಬಾರದು, ಅವಕ್ಕೆ ತಿನ್ನಲು ಏನಾದರೂ ಬೇಕಲ್ಲ. ಕೆಲವರು ಕಲ್ಚರ್ ಬದಲು ಮಜ್ಜಿಗೆ ಹಾಕುತ್ತಾರೆ. ಮೊಸರಿನ ಬ್ಯಾಕ್ಟೀರಿಯಾ ಹಾಲಿಗೆ ಒಗ್ಗಿದವು, ಸೊಪ್ಪಿನಲ್ಲಿ ಅವನ್ನು ನೆಚ್ಚುವಂತಿಲ್ಲ.

ಮುಂಗಾರಿನ ಅಲಸಂದಿ ಬೇರೆಯೇ ಕಥೆ. ಮೋಡ ಮುಚ್ಚಿರುತ್ತದೆ, ಬಾಡುವುದಿಲ್ಲ, ಒಣ ಅಂಶ ಶೇ 16ರ ಆಚೀಚೆ. ಹಾಗೇ ತುಂಬಿದರೆ ರಸ ಸೋರುತ್ತದೆ, ಹಾಕಿದ ಬೆಲ್ಲವೂ ರಸದ ಜೊತೆ ಹೋಗುತ್ತದೆ. ಆಗ ಗಂಗಾವತಿ, ಸಿಂಧನೂರು ಕಡೆ ಬೇಕಾದಷ್ಟು ಸಿಗುವ ಭತ್ತದ ಹುಲ್ಲು ಕೈಹಿಡಿಯುತ್ತದೆ: 100 ಕೆಜಿ ಅಲಸಂದಿಗೆ 25 ಕೆಜಿ ಒಣ ಹುಲ್ಲು, ಸಣ್ಣಗೆ ಕತ್ತರಿಸಿ ಪದರ ಪದರವಾಗಿ ಬೆರೆಸಿದರೆ ಒಣ ಅಂಶ ಶೇ 30 ದಾಟುತ್ತದೆ. ಹುಲ್ಲಿನಲ್ಲಿ ಸಕ್ಕರೆ ಇಲ್ಲದ್ದರಿಂದ ಬೆಲ್ಲ ಶೇ 4ಕ್ಕೆ ಏರಬೇಕು. ಹುಲ್ಲಿಗೆ ಬೂಸ್ಟು ಇದ್ದರೆ ಈ ಉಪಾಯ ಬಿಡಿ. ಅಕ್ಕಿ ತೌಡೂ ನೀರು ಹೀರುತ್ತದೆ, ಆದರೆ ಹಳೆಯ ತೌಡು ಕಮಟು ಹಿಡಿದಿರುತ್ತದೆ. ನಮ್ಮನ್ನು ಕೇಳಿದರೆ, ಹಾಲುಗಾಳಿನ ಹಂತ ದಾಟಿದ ಮೆಕ್ಕೆಜೋಳ 70 ಪಾಲು, ಅರೆಬಾಡಿದ ಅಲಸಂದಿ 30 ಪಾಲು ಕೂಡಿಸಿ ಕತ್ತರಿಸುವುದೇ ಎಲ್ಲಕ್ಕಿಂತ ಮೇಲು. ಮೆಕ್ಕೆಜೋಳದ ಸಕ್ಕರೆಯೇ ಬೆಲ್ಲದ ಕೆಲಸ ಮಾಡುತ್ತದೆ.

ಫಾರ್ಮಿಕ್ ಆಮ್ಲ ಕೆಲಸಕ್ಕೆ ಬರುತ್ತದೆ, ಅನುಮಾನ ಇಲ್ಲ. ಶೇ 85ರದ್ದು ಟನ್ನಿಗೆ 4–5 ಲೀಟರ್ ಹಾಕಿದರೆ ಹುಳಿ ಆ ದಿನವೇ ಏರುತ್ತದೆ, ಪ್ರೋಟೀನ್ ಒಡೆಯುವುದು ನಿಲ್ಲುತ್ತದೆ. ಆದರೆ ಚರ್ಮ ಸುಡುತ್ತದೆ, ಹೊಗೆ ಎದೆಗೆ ಹೋಗುತ್ತದೆ, ಯಂತ್ರದ ಕಬ್ಬಿಣ ತಿನ್ನುತ್ತದೆ. ಬರಿಗಾಲಲ್ಲಿ ತುಳಿದು ತುಂಬುವ ಗುಂಡಿಗೆ ಇದನ್ನು ತರಲೇಬೇಡಿ. ತುಳಿತ ಇಲ್ಲದ ಕಡೆ ಬಳಸುವುದಾದರೆ ರಬ್ಬರ್ ಕೈಗವಸು, ಕನ್ನಡಕ, ಬೂಟು, ಗಾಳಿಗೆ ಬೆನ್ನು. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಕಲ್ಚರ್ ಜೊತೆ ಬೇಡ, ಆಮ್ಲ ಅದನ್ನು ಕೊಲ್ಲುತ್ತದೆ. ಉಪ್ಪು ಟನ್ನಿಗೆ 5 ಕೆಜಿ ಸಾಕು. ರುಚಿಗೆ ಸರಿ, ಹುಳಿ ಏರಿಸುವ ಕೆಲಸ ಅದರದಲ್ಲ.

200 ಲೀಟರಿನ ಬ್ಯಾರಲ್ಲಿಗೆ ಬಾಡಿಸಿದ ಮೇವು 100–120 ಕೆಜಿ ಹಿಡಿಯಬೇಕು. 80 ಕೆಜಿಗೇ ತುಂಬಿತು ಅಂದರೆ ಗಾಳಿ ಉಳಿದಿದೆ, ತೆಗೆದು ಮತ್ತೆ ತುಳಿಯಿರಿ. ಕೊಯ್ದ ದಿನವೇ ಮುಚ್ಚಬೇಕು. ಬ್ಯಾರಲ್, ಚೀಲ ನೆರಳಿನಲ್ಲಿರಲಿ. ಮೇವಿನ ಒಳಗೆ ಶಾಖ 40 ಡಿಗ್ರಿ ದಾಟಿದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೊರಗುತ್ತವೆ. ಆಳದ ಗುಂಡಿಗೆ ಮುಚ್ಚಿದ ಮೊದಲ ಮೂರು ವಾರ ಇಳಿಯಬೇಡಿ: ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂರುತ್ತದೆ, ಕೆಲವೊಮ್ಮೆ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಕೂಡ. ಎರಡೂ ಕೊಲ್ಲುತ್ತವೆ.

45 ದಿನಕ್ಕೆ ತೆಗೆದಾಗ ನಡುಭಾಗದ 25 ಗ್ರಾಂ ಮೇವನ್ನು 100 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ತಾಸು ನೆನೆಸಿ ಪಿಎಚ್ ಪಟ್ಟಿ ಅದ್ದಿ. 4.3ರಿಂದ 4.6 ಬಂದರೆ ಚೆನ್ನ. ಮೆಕ್ಕೆಜೋಳದಂತೆ 4ರ ಕೆಳಗೆ ಬರಲಿಲ್ಲವೆಂದು ಗಾಬರಿ ಬೇಡ. 5ರ ಮೇಲಿದ್ದು ಜಿಗುಟಾಗಿ ನಾರುತ್ತಿದ್ದರೆ ತಿಪ್ಪೆಗೆ. ತಂಬಾಕಿನ ಬಣ್ಣ, ಸುಟ್ಟ ಬೆಲ್ಲದ ಘಮ ಬಂದರೆ ಒಳಗೆ ಕಾದಿದೆ ಎಂದರ್ಥ; ದನ ಇಷ್ಟಪಟ್ಟು ತಿನ್ನುತ್ತದೆ, ಆದರೆ ಪ್ರೋಟೀನ್ ಕಟ್ಟಿಹೋಗಿರುತ್ತದೆ, ಮೈಗೆ ಹತ್ತುವುದಿಲ್ಲ. ಬೂಸ್ಟು ಹಿಡಿದ ಪದರವನ್ನು ಒಳ್ಳೆಯ ಮೇವಿಗೆ ಬೆರೆಸಿ ಸಾಗಹಾಕಬೇಡಿ. ಆಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಅಲ್ಲಿಂದ ಎಂ1 ರೂಪದಲ್ಲಿ ಹಾಲಿಗೆ ಬರುತ್ತದೆ. ಹಾಲಿನಲ್ಲಿ ಎಂ1ರ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ ಮಾತ್ರ. ಕುರಿ, ಆಡುಗಳಿಗಂತೂ ಹರಿದ ಚೀಲದ ಮೇವು ಬೇಡವೇ ಬೇಡ. ಗಾಳಿ ಹೊಕ್ಕು ಹುಳಿ ಇಳಿದ ಕಡೆ ಲಿಸ್ಟೀರಿಯಾ ಬೆಳೆಯುತ್ತದೆ, ಕುರಿ ತಲೆ ವಾಲಿಸಿ ಸುತ್ತತೊಡಗುತ್ತದೆ.

ಕತ್ತರಿಸುವ ಮೊದಲು ಸೊಪ್ಪಿನ ರಾಶಿಯನ್ನು ಒಮ್ಮೆ ಕೋಲಿನಿಂದ ಕೆದಕಿ. ಅದರೊಳಗೆ ಸತ್ತ ಇಲಿಯೋ ಹಾವೋ ಇದ್ದು ಯಂತ್ರಕ್ಕೆ ಸಿಕ್ಕಿದರೆ ಮೇವಿನಲ್ಲಿ ಬಾಟುಲಿಸಮ್ ವಿಷ ಹುಟ್ಟಬಹುದು. ಅದಕ್ಕೆ ಬೆಲ್ಲವಾಗಲಿ ಕಲ್ಚರಾಗಲಿ ಉತ್ತರವಲ್ಲ. ಆ ಬ್ಯಾರಲ್ಲಿನ ಮೇವನ್ನು ದನ ನಾಯಿ ಕೆದರದಂತೆ ಆಳಕ್ಕೆ ಹೂಳಬೇಕು.