ಕೌನ್ಸಿಲ್ ಟ್ಯಾಕ್ಸ್ ಬಾಕಿ, ದಿವಾಳಿ ನೋಟಿಸ್: ನಾನು ಪಾರಾದ ಬಗೆ

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಮನೆಯ ಮೇಲೆ ಕಟ್ಟುವ ತೆರಿಗೆ) ಬಾಕಿ 5,000 ಪೌಂಡ್ ಮುಟ್ಟಿದರೆ, ನಿಮ್ಮನ್ನು ದಿವಾಳಿ ಮಾಡಿಸಲು ಕೌನ್ಸಿಲ್ ಕೋರ್ಟಿಗೆ ಹೋಗಬಹುದು. ಕೆಲಸ ಹೋದ ಮೇಲೆ ನನ್ನ ಬಾಕಿ ಅದನ್ನೂ ದಾಟಿತ್ತು. ನೋಟಿಸ್ ಬಂತು, ಹಣ ಕಟ್ಟಲು 21 ದಿನ ಗಡುವು. ಸ್ವಂತ ಮನೆ ಕೈಬಿಟ್ಟು ಹೋಗುತ್ತದೆ ಅನ್ನುವುದೇ ದೊಡ್ಡ ಭಯ.

ಉಳಿಸಿದ್ದು ‘ಬ್ರೀದಿಂಗ್ ಸ್ಪೇಸ್’, ಅಂದರೆ ಸಾಲದಲ್ಲಿರುವವರಿಗೆ ಉಸಿರಾಡಲು ಸ್ವಲ್ಪ ಸಮಯ ಕೊಡುವ ಸರ್ಕಾರಿ ಯೋಜನೆ. ಸಾಲ ಸಲಹೆಗಾರರ ಮೂಲಕವೇ ಅರ್ಜಿ ಹಾಕಬೇಕು, ಉಚಿತವಾಗಿ ಮಾಡಿಕೊಡುವವರಿದ್ದಾರೆ. ಸಿಕ್ಕರೆ 60 ದಿನ ವಸೂಲಿ ನಿಲ್ಲುತ್ತದೆ. ಅಷ್ಟರಲ್ಲಿ ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಜೊತೆಗಿದ್ದ ನನ್ನ ತಮ್ಮ ಊರಿಗೆ ಮರಳಿದ ಮೇಲೂ ಪೂರ್ತಿ ತೆರಿಗೆಯೇ ಬರೆದಿತ್ತು! ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ 25% ರಿಯಾಯಿತಿ ಇದೆ ಅಲ್ವಾ? ಅವನ ವಿಮಾನದ ಟಿಕೆಟ್ ಲಗತ್ತಿಸಿ, ಅವನು ಹೋದ ತಾರೀಖಿನಿಂದಲೇ ಕೊಡಿ ಎಂದು ಬರೆದೆ. ಒಪ್ಪಿದರು. ಬಾಕಿ 5,000ಕ್ಕಿಂತ ಕೆಳಗಿಳಿಯಿತು. ಉಳಿದದ್ದಕ್ಕೆ ತಿಂಗಳ ಕಂತು.

ತೀರಾ ಕಷ್ಟವಿದ್ದವರು ಕೌನ್ಸಿಲ್ ಟ್ಯಾಕ್ಸ್ ಕಾನೂನಿನ ಸೆಕ್ಷನ್ 13ಎ ಅಡಿಯಲ್ಲೂ ಕಡಿತ ಕೇಳಬಹುದು.