ಜರ್ಮನ್ ರಾಜಕಾರಣಿಯೊಬ್ಬರ ಜೀವನಚರಿತ್ರೆ ಬರೆಯೋದು ಹೇಗೆ? ಫಿಲ್ಬಿಂಗರ್ ಕಥೆ ಇಟ್ಟುಕೊಂಡು ನೋಡೋಣ

ಎರಡನೇ ಮಹಾಯುದ್ಧದ ನಂತರದ ಜರ್ಮನಿಯ ಯಾವುದಾದರೂ ರಾಜ್ಯದ ನಾಯಕರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತಿದ್ದೀರಾ? ಹುಟ್ಟಿದ್ದು, ಓದಿದ್ದು, ಮಂತ್ರಿಯಾದದ್ದು ಅಂತ ಸುಮ್ನೆ ಶುರು ಮಾಡಬೇಡಿ. ನಾಜಿಗಳ ಆಡಳಿತವಿದ್ದ 1933ರಿಂದ 1945ರವರೆಗೆ ಅವರು ಏನು ಮಾಡುತ್ತಿದ್ದರು ಅಂತ ಮೊದಲು ಹುಡುಕಿ. ಎಷ್ಟೋ ಪರಿಚಯಗಳಲ್ಲಿ ಆ ಹನ್ನೆರಡು ವರ್ಷ ಒಂದೇ ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಹಾನ್ಸ್ ಫಿಲ್ಬಿಂಗರ್ ಅವರನ್ನೇ ತೆಗೆದುಕೊಳ್ಳಿ. 1913ರಲ್ಲಿ ಮನ್‌ಹೈಮ್‌ನಲ್ಲಿ ಹುಟ್ಟಿದರು, ಕಾನೂನು ಓದಿದರು, ಯುದ್ಧ ಮುಗಿದ ಮೇಲೆ ಸಿಡಿಯು (ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್) ಪಕ್ಷ ಸೇರಿದರು. 1960ರಲ್ಲಿ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಗೃಹಮಂತ್ರಿ. 1966ರಲ್ಲಿ ಆಗಿನ ಮುಖ್ಯಮಂತ್ರಿ ಕೀಸಿಂಗರ್ ದೇಶದ ಚಾನ್ಸಲರ್ (ಪ್ರಧಾನಿ) ಆಗಿ ಹೋದಾಗ ಅವರ ಜಾಗಕ್ಕೆ ಮುಖ್ಯಮಂತ್ರಿ. 1976ರ ಚುನಾವಣೆಯಲ್ಲಿ ಪಕ್ಷಕ್ಕೆ 56.7% ಮತ. ಇದಕ್ಕೆ ಒಂದು ಪ್ಯಾರಾ ಸಾಕು.

ಜಾಸ್ತಿ ಜಾಗ ಕೊಡಬೇಕಾದದ್ದು 1978ಕ್ಕೆ. ಯುದ್ಧದ ಕೊನೆಯ ವರ್ಷಗಳಲ್ಲಿ ಅವರು ನೌಕಾಪಡೆಯ ಸೇನಾ ನ್ಯಾಯಾಲಯಗಳಲ್ಲಿ ಕೆಲಸ ಮಾಡಿದ್ದು ಆಗ ದೊಡ್ಡ ಸುದ್ದಿಯಾಯಿತು, ಅದಕ್ಕೆ ಕಾರಣ ನಾಟಕಕಾರ ರಾಲ್ಫ್ ಹೋಖ್‌ಹುಟ್ ಆ ಫೆಬ್ರವರಿಯಲ್ಲಿ 'ಡಿ ಟ್ಸೈಟ್' ಪತ್ರಿಕೆಯಲ್ಲಿ ಬರೆದದ್ದು. ಆ ನ್ಯಾಯಾಲಯಗಳ ಒಂದು ಕೇಸು ಹೀಗಿದೆ: ವಾಲ್ಟರ್ ಗ್ರೋಗರ್ ಅನ್ನೋ 22 ವರ್ಷದ ನಾವಿಕ ನಾರ್ವೆಯಿಂದ ಸ್ವೀಡನ್‌ಗೆ ಓಡಿಹೋಗಲು ನೋಡಿದ್ದ, 1945ರ ಮಾರ್ಚ್ 16ರಂದು ಓಸ್ಲೋದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಇನ್ನೆರಡು ತಿಂಗಳು ಕಳೆಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು.

ಇಲ್ಲಿ ಕೈ ಬಿಗಿ ಹಿಡಿದು ಬರೆಯಿರಿ. 'ಫಿಲ್ಬಿಂಗರ್ ಗ್ರೋಗರ್‌ಗೆ ಮರಣದಂಡನೆ ವಿಧಿಸಿದರು' ಅಂತ ಬರೆದರೆ ತಪ್ಪು. ಆ ಕೇಸಿನಲ್ಲಿ ಅವರು ಸರ್ಕಾರಿ ವಕೀಲರ ಜಾಗದಲ್ಲಿದ್ದರು, ಮರಣದಂಡನೆ ಕೇಳಿದ್ದು ಅವರು, ಗುಂಡು ಹೊಡೆಯುವಾಗ ಉಸ್ತುವಾರಿ ಅಧಿಕಾರಿಯಾಗಿ ನಿಂತಿದ್ದೂ ಅವರೇ. ಹೀಗೆ ಯಾರ ಪಾತ್ರ ಎಷ್ಟು ಅಂತ ಬಿಡಿಸಿ ಬರೆದರೆ ಬೈಗುಳದ ಅಗತ್ಯವೇ ಬೀಳೋದಿಲ್ಲ. ಅವರೇ ನ್ಯಾಯಾಧೀಶರಾಗಿದ್ದ ಬೇರೆ ಕೇಸುಗಳೂ ಆಮೇಲೆ ಒಂದೊಂದಾಗಿ ಹೊರಬಂದವು. 1978ರ ಆಗಸ್ಟ್ 7ಕ್ಕೆ ರಾಜೀನಾಮೆ.

ದಾಖಲೆ ಎಲ್ಲಿ ಹುಡುಕೋದು? ನಾಜಿ ಪಕ್ಷದ ಸದಸ್ಯತ್ವದ ಕಾರ್ಡುಗಳು ಬರ್ಲಿನ್‌ನ ಕೇಂದ್ರ ಪತ್ರಾಗಾರದಲ್ಲಿವೆ. ನಾಜಿ ಕಾಲದಲ್ಲಿ ಯಾರು ಏನು ಮಾಡಿದ್ದರು ಅಂತ ಯುದ್ಧದ ನಂತರ ನಡೆಸಿದ ವಿಚಾರಣೆಯ ಫೈಲುಗಳು ರಾಜ್ಯದ ಪತ್ರಾಗಾರಗಳಲ್ಲಿ ಸಿಗುತ್ತವೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಹುಟ್ಟಿದ್ದೇ 1952ರಲ್ಲಿ, ಮೂರು ರಾಜ್ಯ ಸೇರಿಸಿ. ಅದಕ್ಕೂ ಹಿಂದಿನ ಕಾಗದಕ್ಕೆ ವ್ಯಕ್ತಿ ಆಗ ಯಾವ ಊರಿನಲ್ಲಿದ್ದರು ಅಂತ ತಿಳಿದಿರಬೇಕು.

ಹಾಗಂತ ಆಡಳಿತದ ವರ್ಷಗಳನ್ನು ಮರೆಯಬೇಡಿ. 1975ರಲ್ಲಿ ವೀಲ್ ಊರಿನ ಹತ್ತಿರ ಅಣುಸ್ಥಾವರ ಬೇಡ ಅಂತ ರೈತರು, ದ್ರಾಕ್ಷಿ ಬೆಳೆಗಾರರು ಜಾಗದಲ್ಲೇ ಕೂತುಬಿಟ್ಟರು. ಸ್ಥಾವರ ಬರದಿದ್ದರೆ ದೀಪ ಆರಿಹೋಗುತ್ತವೆ ಅಂತ ಫಿಲ್ಬಿಂಗರ್ ಹೆದರಿಸಿದರು. ಸ್ಥಾವರ ಬರಲೇ ಇಲ್ಲ, ದೀಪಗಳೂ ಆರಲಿಲ್ಲ!

ಅವರು ತೀರಿಕೊಂಡದ್ದು 2007ರ ಏಪ್ರಿಲ್ 1ರಂದು. ಬರಹವನ್ನು ಅಲ್ಲಿಗೆ ನಿಲ್ಲಿಸಬೇಡಿ. ಅಂತ್ಯಕ್ರಿಯೆಯಲ್ಲಿ ಆಗಿನ ಮುಖ್ಯಮಂತ್ರಿ ಓಟಿಂಗರ್, ಫಿಲ್ಬಿಂಗರ್ ನಾಜಿ ಆಡಳಿತದ ವಿರೋಧಿಯಾಗಿದ್ದರು ಅಂದುಬಿಟ್ಟರು. ದೇಶಾದ್ಯಂತ ಗಲಾಟೆ ಆಯಿತು, ಅವರದೇ ಪಕ್ಷದ, ಆಗ ದೇಶದ ಚಾನ್ಸಲರ್ ಆಗಿದ್ದ ಮರ್ಕೆಲ್ ಕೂಡ ಆಕ್ಷೇಪ ಎತ್ತಿದರು, ಕೆಲವೇ ದಿನಗಳಲ್ಲಿ ಓಟಿಂಗರ್ ಆ ಮಾತಿನಿಂದ ಹಿಂದೆ ಸರಿದರು. ಸತ್ತ ದಿನಾಂಕದ ಕೆಳಗೆ ಇದಕ್ಕೂ ಒಂದು ಪ್ಯಾರಾ ಜಾಗ ಇಟ್ಟುಕೊಳ್ಳಿ.